ಒಂದು ರಾತ್ರಿಯ ಸೂರು



ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಇಳಿದು, "ಇಲ್ಲಿ ಒಳ್ಳೆಯ ಹೋಟೆಲ್ ಎಲ್ಲಿದೆ ಸ್ವಾಮಿ?" ಎಂದು ಯಾರನ್ನಾದರೂ ಕೇಳಿ ನೋಡಿ. ಅವರು ಕೈ ತೋರಿಸುವುದು ದೋಸೆ, ಕಾಫಿ, ಮಂಡಕ್ಕಿ–ಮೆಣಸಿನಕಾಯಿ ಸಿಗುವ ಕಡೆಗೆ. ರಾತ್ರಿ ತಂಗಲು ಜಾಗ ಬೇಕಾದರೆ "ಲಾಡ್ಜ್ ಎಲ್ಲಿದೆ?" ಎಂದೇ ಕೇಳಬೇಕು. ನಮ್ಮ ಆಡುಮಾತಿನಲ್ಲಿ ಹೋಟೆಲ್ ಎಂದರೆ ಊಟ, ಲಾಡ್ಜ್ ಎಂದರೆ ನಿದ್ದೆ. ಆದರೆ ಹೋಟೆಲ್ ಎಂಬ ಪದದ ಬೇರು ಹುಡುಕಿಕೊಂಡು ಹೋದರೆ ಲ್ಯಾಟಿನ್ ಭಾಷೆಯ 'ಹಾಸ್ಪೆಸ್' ಎಂಬ ಮಾತು ಸಿಗುತ್ತದೆ. ಅದಕ್ಕೆ ಅತಿಥಿ ಎಂದೂ ಅರ್ಥ, ಅತಿಥಿಯನ್ನು ಬರಮಾಡಿಕೊಳ್ಳುವವನು ಎಂದೂ ಅರ್ಥ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಆ ಒಂದೇ ಬೇರಿನ ಕವಲುಗಳು. ರೋಗಿ, ವಿದ್ಯಾರ್ಥಿ, ಪ್ರಯಾಣಿಕ, ಈ ಮೂವರೂ ಮನೆಯಿಂದ ದೂರ ಇರುವವರೇ ಅಲ್ಲವೇ?

ಇಂದಿನ ನಮ್ಮ ಮಾತುಕತೆ ಈ ಪ್ರಯಾಣಿಕನ ಒಂದು ರಾತ್ರಿಯ ಸೂರಿನ ಬಗ್ಗೆ. ಪಂಚತಾರಾ ಹೋಟೆಲುಗಳ ವಿಷಯ ಇಲ್ಲಿ ಬೇಡ. ಕೈಯಲ್ಲಿ ಸ್ವಲ್ಪವೇ ಹಣವಿರುವವನು, ಗುರುತು ಪರಿಚಯವಿಲ್ಲದ ಊರಿನಲ್ಲಿ, ಕತ್ತಲಾದ ಮೇಲೆ ಎಲ್ಲಿ ಮಲಗುತ್ತಾನೆ? ಅವನಿಗೆ ಬಾಗಿಲು ತೆರೆಯುವವರು ಯಾರು? ಯಾರಿಗೆ ತೆರೆಯುವುದಿಲ್ಲ?

ಸಂತೇಬೆನ್ನೂರಿನ ಮುಸಾಫಿರಖಾನೆ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಸುತ್ತಲೂ ಮೆಟ್ಟಿಲುಗಳು, ನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ. ಸಂತೇಬೆನ್ನೂರಿನ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಇದನ್ನು ಕಟ್ಟಿಸಿದನು. ಮಂಟಪಗಳನ್ನು ಗಮನವಿಟ್ಟು ನೋಡಿದರೆ ಹಿಂದೂ ಮತ್ತು ಇಸ್ಲಾಮೀ ವಾಸ್ತುಶೈಲಿಗಳೆರಡೂ ಅಲ್ಲಿ ಕೂಡಿಕೊಂಡಿರುವುದು ಕಾಣುತ್ತದೆ. ಪುಷ್ಕರಿಣಿಯ ಎದುರಿಗೇ ಕಲ್ಲಿನ ದೊಡ್ಡ ಕಟ್ಟಡವೊಂದಿದೆ. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಈ ಕಟ್ಟಡಕ್ಕೆ ಜನ ಕರೆಯುವ ಹೆಸರು ಮುಸಾಫಿರಖಾನೆ. ಯುದ್ಧ, ಗೆಲುವು, ಸೋಲುಗಳ ಕಥೆಯೂ ಈ ಊರಿಗೆ ಇದೆ. ಇಂದು ಹೊಂಡ ಮತ್ತು ಮುಸಾಫಿರಖಾನೆ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

'ಮುಸಾಫಿರ್' ಅರಬ್ಬೀ ಪದ. 'ಸಫರ್' ಎಂದರೆ ಪ್ರಯಾಣ, ಪ್ರಯಾಣ ಮಾಡುವವನು ಮುಸಾಫಿರ. 'ಖಾನಾ' ಎಂದರೆ ಪಾರಸಿಯಲ್ಲಿ ಮನೆ. ಕಾಡು ನೋಡಲು ಹೋಗುವ 'ಸಫಾರಿ' ಕೂಡ ಇದೇ ಸಫರ್‌ನಿಂದ ಹುಟ್ಟಿದ್ದು.

ತಂಗುವ ಮನೆಯ ಪಕ್ಕದಲ್ಲೇ ನೀರು ಏಕಿರುತ್ತದೆ? ಕುಡಿಯಲು, ಸ್ನಾನಕ್ಕೆ, ದನ ಕುದುರೆಗಳಿಗೆ ಎಂಬುದು ಸುಲಭದ ಉತ್ತರ. ವಿಜ್ಞಾನದ ವಿದ್ಯಾರ್ಥಿ ಇನ್ನೊಂದು ಕಾರಣವನ್ನೂ ಸೇರಿಸಬಹುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಆ ಶಾಖದ ಬಹುಪಾಲನ್ನು ನೀರು ತನ್ನ ಮೇಲಿನ ಗಾಳಿಯಿಂದ ಮತ್ತು ತನ್ನ ಮೈಯಿಂದಲೇ ಪಡೆಯುತ್ತದೆ. ಆದ್ದರಿಂದ ಒಣಹವೆಯ ಬೇಸಿಗೆಯಲ್ಲಿ ಹೊಂಡದ ಮೇಲಿಂದ ಬೀಸುವ ಗಾಳಿ ತಂಪಾಗಿರುತ್ತದೆ. ದಪ್ಪ ಕಲ್ಲಿನ ಗೋಡೆ ಹಗಲಿನ ಬಿಸಿಯನ್ನು ಬೇಗನೆ ಒಳಗೆ ಬಿಡುವುದಿಲ್ಲ. ವಿದ್ಯುತ್ ಇಲ್ಲದ ಕಾಲದ ಹವಾನಿಯಂತ್ರಣ ಇದು.

ಸಮುದ್ರದಾಚೆಯ ಅಣ್ಣತಮ್ಮಂದಿರು

ಇಂಥ ಮನೆಗಳು ನಮ್ಮಲ್ಲಿ ಮಾತ್ರ ಇರಲಿಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಹಳೆಯ ನಗರಗಳಲ್ಲೂ ಇದ್ದವು. ಪ್ರಾಚೀನ ಗ್ರೀಕರು ತಂಗುಮನೆಯನ್ನು 'ಪಾಂಡೋಕಿಯಾನ್' ಎನ್ನುತ್ತಿದ್ದರು. ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ ಎಂದು ಅದರ ಅರ್ಥ. ಅರಬರು ಇದನ್ನು 'ಫುಂದುಕ್' ಮಾಡಿಕೊಂಡರು. ವೆನಿಸ್ಸಿನವರ ಬಾಯಲ್ಲಿ ಅದು 'ಫೋಂದಾಕೋ' ಆಯಿತು. ಸ್ಪೇನಿನಲ್ಲಿ ಸಾಧಾರಣ ದರದ ತಂಗುಮನೆಗೆ 'ಫೋಂಡಾ' ಎಂಬ ಹೆಸರು ಉಳಿಯಿತು. ಒಂದು ಪದ ವ್ಯಾಪಾರಿಗಳ ಗಂಟಿನ ಜೊತೆಗೆ ಹಡಗು ಹತ್ತಿ ಇಳಿದು ಊರೂರು ತಿರುಗಿದೆ!

ಕಟ್ಟಡದ ಬಗೆಯೂ ಹೆಚ್ಚುಕಡಿಮೆ ಒಂದೇ. ಒಂದೇ ಹೆಬ್ಬಾಗಿಲು, ಒಳಗೆ ತೆರೆದ ಅಂಗಳ, ಕೆಳಗೆ ಸರಕು ಮತ್ತು ಪ್ರಾಣಿಗಳಿಗೆ ಜಾಗ, ಮೇಲೆ ಮನುಷ್ಯರಿಗೆ ಕೋಣೆಗಳು. ಸ್ಪೇನಿನ ಗ್ರನಾಡಾ ನಗರದಲ್ಲಿ 14ನೆಯ ಶತಮಾನದ ಇಂಥ ಕಟ್ಟಡವೊಂದು ಉಳಿದಿದೆ. ಕೈರೋದಲ್ಲಿ ಸುಲ್ತಾನ ಅಲ್ ಘೂರಿ 1504–05ರಲ್ಲಿ ಕಟ್ಟಿಸಿದ ವಿಕಾಲಾ ಇನ್ನೂ ನಿಂತಿದೆ.

ಈಗ ಇನ್ನೊಂದು ಮುಖವನ್ನೂ ನೋಡೋಣ. ಹೆಸರು 'ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ'. ಆದರೆ ಅಲೆಕ್ಸಾಂಡ್ರಿಯಾದಲ್ಲಿ ಯೂರೋಪಿನ ವ್ಯಾಪಾರಿಗಳ ಫುಂದುಕ್‌ಗಳಿಗೆ ರಾತ್ರಿ ಹೊರಗಿನಿಂದ ಬೀಗ ಬೀಳುತ್ತಿತ್ತು. ವೆನಿಸ್ಸಿನಲ್ಲಿ ಜರ್ಮನ್ ವ್ಯಾಪಾರಿಗಳು ತಮಗೆ ಗೊತ್ತುಮಾಡಿದ ಫೋಂದಾಕೋದಲ್ಲೇ ಇಳಿಯಬೇಕು, ಅಧಿಕಾರಿಗಳ ಕಣ್ಣೆದುರೇ ವ್ಯಾಪಾರ ಮಾಡಬೇಕು. 1621ರಲ್ಲಿ ತುರ್ಕಿ ವ್ಯಾಪಾರಿಗಳಿಗೂ ಪ್ರತ್ಯೇಕ ಕಟ್ಟಡ ಕೊಟ್ಟರು. ಅದರ ಬಾಗಿಲನ್ನೂ ರಾತ್ರಿ ಮುಚ್ಚುತ್ತಿದ್ದರು. ಇಂದು ಆ ಕಟ್ಟಡ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ. ಪರಸ್ಥಳದವನು ಬೇಕು, ಅವನ ಸರಕು ಬೇಕು, ಆದರೆ ಅವನ ಮೇಲೆ ನಂಬಿಕೆಯಿಲ್ಲ. ತಂಗುಮನೆಯ ಇತಿಹಾಸದ ಉದ್ದಕ್ಕೂ ಈ ಇಬ್ಬಂದಿತನ ಕಾಣುತ್ತದೆ.

ನೀರು ಕೊಟ್ಟವನು, ಕೈಗೆ ಸುರಿದವನು

ನಮ್ಮ ನಾಡಿನಲ್ಲಿ ದಾರಿಹೋಕರಿಗೆ ನೀರು ಕೊಡುವ ಅರವಟಿಗೆ, ಅನ್ನ ಹಾಕುವ ಸತ್ರಗಳ ಮಾತು ಶಾಸನಗಳಲ್ಲೇ ಬರುತ್ತದೆ. ಸತ್ರವೇ ಮುಂದೆ ಜನರ ಬಾಯಲ್ಲಿ ಛತ್ರವಾಯಿತು. ಮೆಡಿಟರೇನಿಯನ್ ಬಾಗಿಲಿನ ಊರಾದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ, 1340ರ ದಶಕದಲ್ಲಿ ಹೊನ್ನಾವರ, ಮಂಗಳೂರುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡಾಡಿದನು. ಕರಾವಳಿಯ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದನೆಂದು ಅವನು ಬರೆದಿದ್ದಾನೆ. ಯಾವ ಮತದ ಪ್ರಯಾಣಿಕನಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಆದರೆ ಹಿಂದೂಗಳಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮರಿಗೆ ಬೊಗಸೆಗೆ ಸುರಿದ ನೀರು. ಬಾಯಾರಿಕೆಗೆ ಭೇದವಿಲ್ಲ, ಪಾತ್ರೆಗೆ ಭೇದವಿತ್ತು.

ಈ ಭೇದ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ 1917ರ ಒಂದು ಘಟನೆ ಸಾಕು. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಓದಿ ಬಂದ ತರುಣರೊಬ್ಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಲು ಆ ಊರಿಗೆ ಬಂದಿಳಿದರು. ಅಸ್ಪೃಶ್ಯರೆಂಬ ಕಾರಣಕ್ಕೆ ಹಿಂದೂ ಹೋಟೆಲುಗಳು ಅವರಿಗೆ ಜಾಗ ಕೊಡುವಂತಿರಲಿಲ್ಲ. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆಗೆ ಪಾರಸಿಗಳ ತಂಗುಮನೆಯೊಂದರಲ್ಲಿ, ಪಾರಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಾಗಿಲಿಗೆ ಬಂದು ನಿಂತರು. ಸಂಜೆಯೊಳಗೆ ಖಾಲಿ ಮಾಡಬೇಕಾಯಿತು. ಸ್ನೇಹಿತರ ಮನೆಯಲ್ಲೂ ಜಾಗ ಸಿಗಲಿಲ್ಲ. ಮುಂಬಯಿಯ ರಾತ್ರಿ ರೈಲು ಹೊರಡುವವರೆಗೆ ಅವರು ಕಾಮಾಟಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕಾಲ ಕಳೆದರು. ಆ ತರುಣರು ಡಾಕ್ಟರ್ ಬಿ. ಆರ್. ಅಂಬೇಡ್ಕರ್. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಮುಂದೆ ಅವರ ನೇತೃತ್ವದ ಸಮಿತಿ ಕರಡು ಸಿದ್ಧಪಡಿಸಿದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಹೋಟೆಲುಗಳ ಹೆಸರು ಸ್ಪಷ್ಟವಾಗಿ ಬರುತ್ತದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರುಗಳ ಕಾರಣಕ್ಕಾಗಿ ಯಾರಿಗೂ ಅಲ್ಲಿ ಪ್ರವೇಶ ತಡೆಯುವಂತಿಲ್ಲ. 1955ರ ಅಸ್ಪೃಶ್ಯತೆ ವಿರುದ್ಧದ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂತು. ಆ ಕಾಯಿದೆಯಲ್ಲಿ ಧರ್ಮಶಾಲೆ, ಸರಾಯಿ ಎಂಬ ಪದಗಳ ಜೊತೆಗೆ ಇನ್ನೊಂದು ಪದವೂ ಇದೆ. ಯಾವುದು ಗೊತ್ತೇ? ಮುಸಾಫಿರಖಾನಾ! ಸಂತೇಬೆನ್ನೂರಿನ ಹಳೆಯ ಕಟ್ಟಡದ ಹೆಸರು ಸ್ವತಂತ್ರ ಭಾರತದ ಕಾನೂನಿನ ಪುಸ್ತಕದಲ್ಲಿ ಕುಳಿತಿದೆ. ಅದರ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬುದೇ ಅಲ್ಲಿನ ಮಾತು.

ಬಾಗಿಲು ತೆರೆದವರನ್ನೂ ನೆನೆಯಬೇಕು. ಗುಬ್ಬಿಯವರಾದ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ಹಳ್ಳಿಗಳಿಂದ ಬರುವ ಬಡ ಹುಡುಗರಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನೂ ಅವರು ನಡೆಸಿದರು. ರೈಲಿಳಿದ ಎಷ್ಟೋ ಜನಕ್ಕೆ ಬೆಂಗಳೂರಿನಲ್ಲಿ ಗೊತ್ತಿದ್ದ ಮೊದಲ ವಿಳಾಸ ತೋಟದಪ್ಪನ ಛತ್ರ.

ನೀವು ಹೊರಟಾಗ

ಪರೀಕ್ಷೆ, ಸಂದರ್ಶನ, ಪ್ರವಾಸ ಎಂದು ನೀವೂ ನಾಳೆ ಒಂದು ಸಾಧಾರಣ ಲಾಡ್ಜಿನ ಬಾಗಿಲಲ್ಲಿ ನಿಲ್ಲುತ್ತೀರಿ. ಅದು ದಾವಣಗೆರೆಯಲ್ಲಿರಬಹುದು, ರೋಮ್‌ನಲ್ಲಿರಬಹುದು. ಗಮನಿಸಬೇಕಾದ ಸಂಗತಿಗಳು ಹೆಚ್ಚು ಬೇರೆಯಲ್ಲ.

ಮೊದಲನೆಯದು ದರ. 1867ರ ಸರಾಯ್ ಕಾಯಿದೆಯಲ್ಲೇ ತಂಗುಮನೆಯವನು ಬಾಡಿಗೆಯ ಪಟ್ಟಿಯನ್ನು ಕಾಣುವಂತೆ ತೂಗುಹಾಕುವ ನಿಯಮವಿತ್ತು. ಜಗಳಕ್ಕೆ ಮೊದಲೇ ಲೆಕ್ಕ ಕೇಳುವುದು ಹಳೆಯ ರೂಢಿ. ಇಟಲಿಯ ಇಸೆರ್ನಿಯಾದಲ್ಲಿ ಸಿಕ್ಕ ರೋಮನ್ ಕಾಲದ ಕಲ್ಲೊಂದರಲ್ಲಿ ಪ್ರಯಾಣಿಕನು ಲೆಕ್ಕ ಕೇಳುವ ಚಿತ್ರವೇ ಇದೆ. ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಒಂದು ಕಾಸು, ಅವನ ಹೇಸರಗತ್ತೆಯ ಹುಲ್ಲಿಗೆ ಎರಡು ಕಾಸು! ತೆರಿಗೆ ಸೇರಿ ಎಷ್ಟು, ದಿನದ ಲೆಕ್ಕ 24 ಗಂಟೆಯೋ ಮಧ್ಯಾಹ್ನ 12ಕ್ಕೋ ಎಂದು ಕೀಲಿಕೈ ಪಡೆಯುವ ಮೊದಲೇ ಕೇಳಿ. ಯೂರೋಪಿನ ಅನೇಕ ನಗರಗಳಲ್ಲಿ ಬಾಡಿಗೆಯಲ್ಲದೆ ರಾತ್ರಿಗಿಷ್ಟು ಎಂದು ನಗರದ ತೆರಿಗೆಯೂ ಇರುತ್ತದೆ.

ಎರಡನೆಯದು ಹಾಸಿಗೆ. ದಿಂಬಿನ ಬಿಳುಪು ನೋಡಿ ಮೋಸಹೋಗಬೇಡಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬಿಡಿಸಿ ನೋಡಿ. ತಿಗಣೆ ಹಗಲು ಅಲ್ಲಿ ಅಡಗಿರುತ್ತದೆ, ಸಣ್ಣ ಕಪ್ಪು ಚುಕ್ಕೆಗಳು ಅದರ ಗುರುತು. ಮಲಗಿದವನ ಮೈಯ ಬಿಸಿ ಮತ್ತು ಉಸಿರಿನ ಇಂಗಾಲದ ಡೈ ಆಕ್ಸೈಡ್ ಅದನ್ನು ಕರೆಯುತ್ತವೆ. ಮನೆಗೆ ಬಂದ ಮೇಲೆ ಬಟ್ಟೆಯನ್ನು ಚೆನ್ನಾಗಿ ಕಾದ ನೀರಿನಲ್ಲಿ ಒಗೆದರೆ ಅದು ಬದುಕುವುದಿಲ್ಲ.

ಮೂರನೆಯದು ಸ್ನಾನದ ಮನೆ. ಗ್ಯಾಸ್ ಗೀಸರ್ ಇದ್ದು ಕಿಟಕಿ ಇಲ್ಲದಿದ್ದರೆ ಆ ಕೋಣೆ ಬೇಡವೆನ್ನಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತುವ ಹೊತ್ತಿಗೆ ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಚೀಲ ಇಟ್ಟ ಕೂಡಲೇ ಹೊರಗೆ ಬಂದು ಮೆಟ್ಟಿಲು ಎಲ್ಲಿದೆ, ಎರಡನೆಯ ದಾರಿ ಇದೆಯೇ, ಅದರ ಬಾಗಿಲಿಗೆ ಬೀಗ ಹಾಕಿದ್ದಾರೆಯೇ ಎಂದು ನೋಡಿ. ನಿಮ್ಮ ಕೋಣೆಯಿಂದ ಅಲ್ಲಿಗೆ ಎಷ್ಟು ಬಾಗಿಲು ಎಂದು ಎಣಿಸಿಕೊಳ್ಳಿ. 2019ರ ಫೆಬ್ರುವರಿಯಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಇಂಥ ಅವಘಡಗಳಲ್ಲಿ ಉರಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಬಿಸಿ ಹೊಗೆ ಮೇಲಕ್ಕೇರುವುದರಿಂದ ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಬಗ್ಗಿ, ತೆವಳಿ ಹೋಗಬೇಕು. ಕತ್ತಲಲ್ಲಿ ದಾರಿ ತೋರುವುದು ನೀವು ಹಗಲು ಎಣಿಸಿಟ್ಟ ಆ ಬಾಗಿಲುಗಳೇ.

ಅತಿಥಿಯ ಸಾಲ

ಬಂದ ಊರಿಗೆ ನಾವೂ ಏನೋ ಕೊಡಬೇಕಲ್ಲವೇ? ವೆನಿಸ್ ನಗರ 2024ರಲ್ಲಿ ಕೆಲವು ದಿನಗಳಲ್ಲಿ ಒಂದೇ ಹಗಲಿಗೆ ಬಂದು ಹೋಗುವ ಪ್ರವಾಸಿಗರಿಂದ 5 ಯೂರೋ ಪ್ರವೇಶ ಶುಲ್ಕ ವಸೂಲಿ ಆರಂಭಿಸಿತು. ರಾತ್ರಿ ತಂಗುವವರಿಗೆ ಈ ಶುಲ್ಕವಿರಲಿಲ್ಲ, ಅವರು ತಂಗುವ ತೆರಿಗೆಯನ್ನೇ ಕೊಡುತ್ತಾರೆ. ಇದರ ಹಿಂದೆ ಒಂದು ವಿಚಾರವಿದೆ. ಓಡಿ ಬಂದು, ಚಿತ್ರ ತೆಗೆದು, ಕಸ ಬಿಟ್ಟು ಓಡುವವನಿಗಿಂತ ಒಂದು ರಾತ್ರಿ ಉಳಿದು, ಅಲ್ಲೇ ಉಂಡು, ಬೆಳಿಗ್ಗೆ ಊರು ಏಳುವುದನ್ನು ನೋಡುವವನು ಊರಿಗೆ ಹತ್ತಿರದವನು.

ಸಂತೇಬೆನ್ನೂರಿಗೆ ಬರುವವರಲ್ಲೂ ಹೆಚ್ಚಿನವರು ಹೊಂಡ ನೋಡಿ, ಚಿತ್ರ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ಬಸ್ಸು ಹತ್ತುತ್ತಾರೆ. ನೀವು ಹೋದಾಗ ಹಾಗೆ ಮಾಡಬೇಡಿ. ಎದುರಿನ ಮುಸಾಫಿರಖಾನೆಯ ಬಳಿಗೂ ಹೋಗಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಇಲ್ಲಿ ಮಲಗಿ ಹೋದ ಮುಸಾಫಿರರಲ್ಲಿ ಯಾರ ಹೆಸರೂ ನಮಗೆ ಗೊತ್ತಿಲ್ಲ, ಅದರಿಂದ ಈ ಮನೆಗೆ ಏನೂ ಕಡಿಮೆಯಾಗಿಲ್ಲ. ನಿಮ್ಮ ಊರಿನ ಲಾಡ್ಜಿನ ಮುಂದೆ ಭಾಷೆ ಬಾರದ, ದಾರಿ ತಿಳಿಯದ ಹುಡುಗನೊಬ್ಬ ಚೀಲ ಹಿಡಿದು ನಿಂತಿದ್ದರೆ, ಅವನ ಜಾತಿ, ಮತ, ರಾಜ್ಯ ಕೇಳುವ ಮೊದಲು, "ಊಟ ಆಯ್ತೇನಪ್ಪ?" ಎಂದು ಕೇಳಿ. ಮುಸಾಫಿರಖಾನೆಯ ಅರ್ಥ ಇಷ್ಟೇ.