ಕಾನೂನಿನ ಆಳ್ವಿಕೆಗೆ ಕಾವಲು ಯಾರು?



ಕಾನೂನೇ ಇಲ್ಲದ ದೇಶ ಇಂದು ಸಿಗುವುದು ಕಷ್ಟ. ಆದರೆ ಕಾನೂನು ಇರುವ ಕಡೆಯೆಲ್ಲ ಕಾನೂನಿನ ಆಳ್ವಿಕೆ ಇದೆಯೆಂದು ಹೇಳಲಾಗದು. ಪ್ರಜೆಯನ್ನು ಕಟ್ಟುವ ನಿಯಮ ಪ್ರಭುವನ್ನೂ ಕಟ್ಟಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಕೆಲವು ದೇಶಗಳಲ್ಲಿ ಇದು ಸಾಧ್ಯವಾದದ್ದು ಹೇಗೆ? ಕೆಲವೆಡೆ ಆಗದೇ ಹೋದದ್ದು ಏಕೆ?

ಒಳ್ಳೆಯ ಸಂವಿಧಾನವೊಂದನ್ನು ಬರೆದುಕೊಂಡರೆ ಸಾಕು ಎಂಬುದು ಸುಲಭದ ಉತ್ತರ. ಸೋವಿಯತ್ ಒಕ್ಕೂಟ 1936ರಲ್ಲಿ ಅಂಥದೊಂದನ್ನು ಬರೆದುಕೊಂಡಿತು. ನ್ಯಾಯಾಲಯದ ತೀರ್ಮಾನ ಅಥವಾ ಪ್ರಾಸಿಕ್ಯೂಟರರ ಒಪ್ಪಿಗೆ ಇಲ್ಲದೆ ಯಾರನ್ನೂ ಬಂಧಿಸಕೂಡದು, ನ್ಯಾಯಾಧೀಶರು ಕಾನೂನಿಗಷ್ಟೇ ಅಧೀನರು ಎಂದು ಅದು ಸಾರಿತು. ಆದರೆ 1937 ಮತ್ತು 1938ರಲ್ಲಿ, ಆ ಸರ್ಕಾರದ ದಾಖಲೆಗಳ ಪ್ರಕಾರವೇ, ಸುಮಾರು 6.8 ಲಕ್ಷ ಜನರಿಗೆ ಮರಣದಂಡನೆಯಾಯಿತು. ಅವರಲ್ಲಿ ಅನೇಕರ ಹಣೆಬರಹವನ್ನು, ಅವರ ಮುಖವನ್ನೂ ನೋಡದೆ, ಮೂವರ ಸಮಿತಿಗಳು ಬರೆದವು. ಸ್ಟಾಲಿನ್‌ಗೆ ಎದುರಾಡಿ ಉಳಿಯಬಲ್ಲ ಶಕ್ತಿ ಆ ದೇಶದಲ್ಲಿ ಇರಲಿಲ್ಲ.

ಇಂಗ್ಲೆಂಡಿನ ಕಥೆ ತಿರುವುಮುರುವು. ಅಲ್ಲಿ ಇಂದಿಗೂ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ. ದೊರೆ ತಾನೇ ಕುಳಿತು ಮೊಕದ್ದಮೆಗಳನ್ನು ತೀರ್ಮಾನಿಸುವಂತಿಲ್ಲ ಎಂದು 1607ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೋಕ್ ಹೇಳಿದರು. 1616ರಲ್ಲಿ ಒಂದನೆಯ ಜೇಮ್ಸ್ ದೊರೆ ಅವರನ್ನು ಹುದ್ದೆಯಿಂದ ಕಿತ್ತುಹಾಕಿದ. ಒಬ್ಬರ ಧೈರ್ಯ ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ತೆರಿಗೆಗಾಗಿ ದೊರೆ ಸಂಸತ್ತಿನ ಮುಂದೆ ಕೈಚಾಚಲೇಬೇಕಿತ್ತು, ಸಂಸತ್ತು ಸುಮ್ಮನಿರಲಿಲ್ಲ. 1649ರಲ್ಲಿ ಒಬ್ಬ ದೊರೆಯ ತಲೆ ಉರುಳಿತು, 1688ರಲ್ಲಿ ಇನ್ನೊಬ್ಬ ಓಡಿಹೋದ. ಕೊನೆಗೆ 1701ರ ಕಾಯಿದೆ, ಸಂಸತ್ತಿನ ಎರಡೂ ಸದನಗಳು ಕೋರಿದ ಹೊರತು ನ್ಯಾಯಾಧೀಶರನ್ನು ತೆಗೆಯುವಂತಿಲ್ಲ ಎಂದಿತು.

ಹಾಗಾದರೆ ಹುದ್ದೆಯ ಭದ್ರತೆಯೊಂದಿದ್ದರೆ ಸಾಕೇ? ನಮ್ಮ ದೇಶದ ಅನುಭವ ಇಲ್ಲವೆನ್ನುತ್ತದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ ಮೊದಲಾದ ನಾಯಕರು ಬೆಂಗಳೂರಿನಲ್ಲೇ ಬಂಧಿತರಾಗಿ ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದು ಹಲವು ಹೈಕೋರ್ಟುಗಳು ಹೇಳಿದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಬಂಧಿತರಿಗೆ ಬಾಗಿಲು ಮುಚ್ಚಿದರು. ಅವರ ಹುದ್ದೆಗೆ ಸಂವಿಧಾನದ ರಕ್ಷಣೆ ಇತ್ತು. ಅದೇ ರಕ್ಷಣೆಯಲ್ಲಿದ್ದ ಎಚ್.ಆರ್. ಖನ್ನಾ ಮಾತ್ರ ಒಪ್ಪಲಿಲ್ಲ. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು; ಖನ್ನಾ ರಾಜೀನಾಮೆಯಿತ್ತರು.

ಆದರೆ ಇಲ್ಲಿ ಕೋಕ್ ಕಥೆಯಂತೆ ಶತಮಾನ ಕಾಯಬೇಕಾಗಲಿಲ್ಲ. ಅದೇ ಮಾರ್ಚಿನಲ್ಲಿ ಮತದಾರರು ಆ ಸರ್ಕಾರವನ್ನು ಇಳಿಸಿದರು. 1978ರ 44ನೆಯ ತಿದ್ದುಪಡಿಯ ನಂತರ, ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚುವಂತಿಲ್ಲ. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ತೀರ್ಪಿತ್ತ ಒಂಬತ್ತು ನ್ಯಾಯಮೂರ್ತಿಗಳ ಪೀಠ, 1976ರ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್, 1976ರ ಆ ನಾಲ್ವರಲ್ಲಿ ಒಬ್ಬರ ಮಗ.

ಬರಹ ಬೇಕು, ಹುದ್ದೆಗೆ ಭದ್ರತೆ ಬೇಕು, ಅಧಿಕಾರ ಒಂದೇ ಕೈಯಲ್ಲಿ ಸೇರದಿರುವುದೂ ಬೇಕು. ಇವೆಲ್ಲ ಇದ್ದೂ ಕಾನೂನು ಸೋಲಬಹುದು. ಸೋತ ಕಾನೂನು ಮತ್ತೆ ಎದ್ದು ನಿಲ್ಲಬೇಕಾದರೆ, ಆಳುವವರಿಗೆ ‘ಆಗದು’ ಎಂದವರ ಬೆನ್ನಿಗೆ ಜನ ನಿಲ್ಲಬೇಕು. ಆ ಕಾವಲು ಪ್ರತಿ ಪೀಳಿಗೆಯೂ ಹೊಸದಾಗಿ ಹೊರಬೇಕಾದ ಹೊಣೆ.