ತಲೆಸುತ್ತು, ಎಚ್ಚರ ತಪ್ಪುವಿಕೆ: ಕಾರಣ ಹುಡುಕುವ ಬಗೆ



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೆ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕುಸಿಯುವ ಮಕ್ಕಳನ್ನು ಮೊದಲು ಹಿಡಿದುಕೊಳ್ಳುವವರು ನಾವೇ. ಆದ್ದರಿಂದ ಈ ವಿಷಯ ಆರಿಸಿಕೊಂಡಿದ್ದೇನೆ.

ಮನೆಯಲ್ಲಿ ನಾವು "ಚಕ್ಕರ್ ಆರೈ" ಅನ್ನುತ್ತೇವೆ, ಅಲ್ಲಿಗೆ ಮಾತು ಮುಗಿಯಿತು. ಆದರೆ ಆ ಒಂದು ಮಾತಿನೊಳಗೆ ಹಲವು ಸಂಗತಿಗಳಿವೆ. ಮಲಗಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾದರೆ ಅದು ಹೆಚ್ಚಾಗಿ ಒಳಕಿವಿಯ ತೊಂದರೆ. ಥಟ್ಟನೆ ಎದ್ದಾಗ ಕಣ್ಣು ಕತ್ತಲಿಟ್ಟರೆ ರಕ್ತದೊತ್ತಡ ಇಳಿದಿರಬಹುದು. ಪೂರ್ತಿ ಎಚ್ಚರ ತಪ್ಪಿದರೆ, ಮಿದುಳಿಗೆ ರಕ್ತ ಸಾಲದೆ ಹೋಯಿತೆ ಅಥವಾ ಅಪಸ್ಮಾರವೆ ಎಂದು ನೋಡಬೇಕು. "ಚಕ್ಕರ್" ಎಂದಷ್ಟೇ ಹೇಳಿದರೆ ವೈದ್ಯರು ಕಿವಿ ನೋಡಬೇಕೋ, ಹೃದಯ ನೋಡಬೇಕೋ?

ನಾನು ಬಲ್ಲ ಒಂಬತ್ತನೆ ತರಗತಿಯ ಹುಡುಗಿಯೊಬ್ಬಳು ನಾಲ್ಕು ಸಲ ಬಿದ್ದಳು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅಜ್ಜಿ ನಜರ್ ಎಂದರು, ನೆರೆಯವರು ಮೂರ್ಛೆರೋಗ ಎಂದರು. ಮನೆಯವರು ಶಾಲೆ ಬಿಡಿಸುವುದರಲ್ಲಿದ್ದರು. ಕೊನೆಗೆ ಒಬ್ಬ ವೈದ್ಯೆ ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ನಿಂತಿದ್ದೆಯಾ, ಕುಳಿತಿದ್ದೆಯಾ? ಮೊದಲು ಬೆವರು, ವಾಕರಿಕೆ ಬಂತೆ? ಎಷ್ಟು ಹೊತ್ತಿಗೆ ಎಚ್ಚರವಾಯಿತು? ನಾಲ್ಕೂ ಸಲ ಅವಳು ಬರಿಹೊಟ್ಟೆಯಲ್ಲಿ, ಬಿಸಿಲಲ್ಲೋ ಬಸ್ಸಿನ ನೂಕುನುಗ್ಗಲಲ್ಲೋ ಬಹಳ ಹೊತ್ತು ನಿಂತಿದ್ದಳು. ಶಾಲೆಯ ಶೌಚಾಲಯಕ್ಕೆ ಹೋಗಲು ಮುಜುಗರವೆಂದು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ! ಮಲಗಿಸಿ, ನಿಲ್ಲಿಸಿ ಬಿ.ಪಿ. ಅಳೆದರು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಗಮನಿಸಬೇಕಾದದ್ದು, ಅವಳದು ಇಳಿಯಿತು. ಹಿಮೋಗ್ಲೋಬಿನ್ನೂ ಕಡಿಮೆ ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. (ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರು ಇಲ್ಲೂ ಕುಳಿತಿದ್ದೀರಿ!) ನೀರು, ತಿಂಡಿ, ಕಬ್ಬಿಣದ ಮಾತ್ರೆಯಿಂದ ಅವಳು ಸುಧಾರಿಸಿಕೊಂಡು ಹತ್ತನೆ ತರಗತಿಗೆ ಬಂದಳು.

ಯಾರಾದರೂ ಬಿದ್ದರೆ ಅಂಗಾತ ಮಲಗಿಸಿ ಕಾಲು ಮೇಲೆತ್ತಿ. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿ ಮನೆಯವರಿಗೆ ಕೊಡಲಿ. ವೈದ್ಯರಿಗೆ ಅದು ಬಹಳ ಉಪಯೋಗ.

ಆದರೆ ಎಲ್ಲವೂ ಇಷ್ಟು ಸುಲಭವಲ್ಲ. 1957ರಲ್ಲಿ ನಾರ್ವೆಯ ವೈದ್ಯರಾದ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದೇ ಮನೆಯ ನಾಲ್ವರು ಕಿವುಡು ಮಕ್ಕಳ ಬಗ್ಗೆ ಬರೆದರು. ಆ ಮಕ್ಕಳು ಮತ್ತೆ ಮತ್ತೆ ಎಚ್ಚರ ತಪ್ಪುತ್ತಿದ್ದರು. ಮೂವರು ಹಠಾತ್ತನೆ ತೀರಿಕೊಂಡರು. ದೋಷವಿದ್ದದ್ದು ಹೃದಯದ ವಿದ್ಯುತ್ ಬಡಿತದಲ್ಲಿ, ಅದು ಕಂಡದ್ದು ಇ.ಸಿ.ಜಿ.ಯಲ್ಲಿ. ತಂದೆ ತಾಯಿ ಇಬ್ಬರಿಂದಲೂ ಬರುವ ಈ ದೋಷ ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಹೆಚ್ಚು. ಇಂಥ ಹೃದಯದೋಷಗಳನ್ನು ಮೂರ್ಛೆರೋಗವೆಂದು ತಪ್ಪು ತಿಳಿಯುವುದೂ ಉಂಟು.

ಹಾಗಾಗಿ ಓಡುವಾಗ ಬಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ದೊಡ್ಡ ಸದ್ದಿಗೆ ಬೆಚ್ಚಿ ಬಿದ್ದರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಅದೇ ದಿನ ಇ.ಸಿ.ಜಿ. ಮಾಡಿಸಿ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಅದರಲ್ಲಿ ಏನೂ ಸಿಗದೆ ಮತ್ತೆ ಬಿದ್ದರೆ, 24 ಗಂಟೆ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರದ ಬಗ್ಗೆ ಕೇಳಿ.