ಸಿದ್ಧಭಾಗಗಳ ಮನೆ: ಗ್ರಾಮದಲ್ಲೇ ನೆಲೆಗೊಳ್ಳಬಲ್ಲ ಉದ್ಯಮ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ವಸತಿ ಯೋಜನೆಗಳ ಪ್ರಗತಿ ಪರಿಶೀಲನೆಯಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳ ಪಟ್ಟಿ ಸದಸ್ಯರಿಗೆ ಪರಿಚಿತವಾದುದು. ಗೋಡೆ ಎದ್ದು ಲಿಂಟಲ್ ಹಂತದಲ್ಲೇ ಮಳೆಗೆ ನೆನೆಯುತ್ತಿರುವ ಮನೆಗಳೂ ಅಪರಿಚಿತವಲ್ಲ. ಛಾವಣಿಯ ಕೆಲಸಕ್ಕೆ ಸೆಂಟ್ರಿಂಗ್ ಹಲಗೆ, ಕಬ್ಬಿಣ, ಸಿಮೆಂಟ್, ಮೇಸ್ತ್ರಿ, ಕೂಲಿಯಾಳು ಎಲ್ಲವೂ ಏಕಕಾಲದಲ್ಲಿ ಬೇಕು. ಕೈಯಲ್ಲಿದ್ದ ಹಣ ಗೋಡೆಗೆ ಮುಗಿದಿರುತ್ತದೆ. ಛಾವಣಿಯಾಗದೆ ಮುಂದಿನ ಕಂತು ಬಾರದು. ಈ ತೊಡಕನ್ನು ಸಡಿಲಿಸುವ ಒಂದು ಮಾರ್ಗವೇ ಮನೆಯ ಭಾಗಗಳನ್ನು ಮೊದಲೇ ತಯಾರಿಸಿಟ್ಟು, ಬಳಿಕ ಸ್ಥಳದಲ್ಲಿ ಜೋಡಿಸುವ ಪೂರ್ವನಿರ್ಮಿತ ಪದ್ಧತಿ. ಅದೇ ಗ್ರಾಮದ ಯುವಕರಿಗೂ ಮಹಿಳೆಯರಿಗೂ ಉದ್ಯಮವಾಗಬಲ್ಲದು.

ಈ ಪದ್ಧತಿ ನಾಡಿಗೆ ಹೊಸದೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅಚ್ಚಿನಲ್ಲಿ ಒಂದೇ ಅಳತೆಗೆ ತಯಾರಾದ ಹೆಂಚು ಯಾವ ಊರಿನ ಮನೆಗಾದರೂ ಹೊಂದುತ್ತಿತ್ತು. ಒಂದು ಒಡೆದರೆ ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದಿತ್ತು. ಮಾರುಕಟ್ಟೆ ಬೆಳೆದುದು ಈ ಸಮಾನ ಅಳತೆಯಿಂದ. ಇಂದು ಹಳ್ಳಿಗಳ ಅಂಚಿನಲ್ಲಿ ಸಿಮೆಂಟ್ ರಿಂಗ್, ಬೇಲಿ ಕಂಬ, ಸಾಲಿಡ್ ಬ್ಲಾಕ್ ತಯಾರಿಸುವವರು ಮಾಡುತ್ತಿರುವುದೂ ಇದೇ ಕೆಲಸವನ್ನೇ.

ಇಡೀ ಮನೆಯನ್ನೇ ಕಾರ್ಖಾನೆಯಲ್ಲಿ ತಯಾರಿಸುವ ಪ್ರಯತ್ನಗಳೂ ದೇಶದಲ್ಲಿ ನಡೆದಿವೆ. ದೇಶ ವಿಭಜನೆಯ ನಿರಾಶ್ರಿತರಿಗಾಗಿ 1948ರಲ್ಲಿ ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಸ್ಥಾಪನೆಯಾಯಿತು. ಸಿದ್ಧ ಗೋಡೆಗಳ ಮೂಲ ಯೋಜನೆ ಫಲಿಸಲಿಲ್ಲ. ಮುಂದೆ ಕಂಬ, ಛಾವಣಿಯ ಭಾಗಗಳಂತಹ ಬಿಡಿ ಸಾಮಗ್ರಿಗಳ ತಯಾರಿಕೆಯಿಂದ ಸಂಸ್ಥೆ ನೆಲೆ ಕಂಡಿತು. ಇತ್ತೀಚೆಗೆ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಡಿ ಆರು ನಗರಗಳಲ್ಲಿ ಹೊಸ ತಂತ್ರಗಳ ಪ್ರಯೋಗ ನಡೆದು, ಚೆನ್ನೈನಲ್ಲಿ ಪ್ರಿಕಾಸ್ಟ್ ಕಾಂಕ್ರೀಟ್ ಪದ್ಧತಿಯ 1,152 ಮನೆಗಳು 2022ರಲ್ಲಿ ಉದ್ಘಾಟನೆಗೊಂಡವು. ಒಂದೇ ನಿವೇಶನದಲ್ಲಿ ಸಾವಿರ ಮನೆಗಳಿದ್ದಾಗ ಕ್ರೇನ್ ಮತ್ತು ದೊಡ್ಡ ಅಚ್ಚುಗಳ ವೆಚ್ಚ ಹಂಚಿಹೋಗುತ್ತದೆ.

ಗ್ರಾಮದ ಸ್ಥಿತಿ ಬೇರೆ. ಇಲ್ಲಿ ಮನೆಗಳು ಓಣಿಗೊಂದರಂತೆ ಚದುರಿರುತ್ತವೆ. 3 ಮೀಟರ್ ಉದ್ದ, 3 ಮೀಟರ್ ಎತ್ತರ, 10 ಸೆಂ.ಮೀ. ದಪ್ಪದ ಒಂದು ಕಾಂಕ್ರೀಟ್ ಗೋಡೆ ಎರಡು ಟನ್ನಿಗೂ ಅಧಿಕ ತೂಗುತ್ತದೆ. ಅದನ್ನು ಹೊತ್ತ ಲಾರಿಯಾಗಲಿ ಎತ್ತುವ ಕ್ರೇನಾಗಲಿ ಕಿರಿದಾದ ಓಣಿಗೆ ಬರಲಾರದು. ಆದ್ದರಿಂದ ಗ್ರಾಮಕ್ಕೆ ಹೊಂದುವ ಉದ್ಯಮವೆಂದರೆ ಜನರೇ ಎತ್ತಬಲ್ಲ, ಟ್ರ್ಯಾಕ್ಟರಿನಲ್ಲಿ ಸಾಗಿಸಬಲ್ಲ ಸಣ್ಣ ಭಾಗಗಳ ತಯಾರಿಕೆ: ಲಿಂಟಲ್, ಸಜ್ಜಾ, ಬಾಗಿಲು ಮತ್ತು ಕಿಟಕಿಯ ಚೌಕಟ್ಟು, ಛಾವಣಿಯ ಹಲಗೆ ಹಾಗೂ ತೊಲೆ.

ತೊಲೆಗಳ ಮೇಲೆ ಕಲ್ಲುಚಪ್ಪಡಿ ಹಾಸಿದ ಹಳೆಯ ಮನೆಗಳನ್ನು ಬಲ್ಲವರಿಗೆ ಹಲಗೆ-ತೊಲೆ ಛಾವಣಿಯ ವಿವರಣೆ ಬೇಕಾಗದು. ಇದಕ್ಕೆ ಭಾರತೀಯ ಮಾನಕ 13994 ಎಂಬ ಸಂಹಿತೆಯೂ ಇದೆ. 1.5 ಮೀಟರ್ ಉದ್ದ, 30 ಸೆಂ.ಮೀ. ಅಗಲದ ಹಲಗೆಯನ್ನು ಇಬ್ಬರು ಎತ್ತಬಹುದು. ತೊಲೆಗೆ ಹೆಚ್ಚಿನ ಜನ ಅಥವಾ ಚೈನ್ ಪುಲ್ಲಿ ಬೇಕಾಗುತ್ತದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಸೂಚಿಸುವ ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣಕ್ಕೆ ಸುಮಾರು 56 ಹಲಗೆಗಳು ಬೇಕು. ವರ್ಷಕ್ಕೆ 20 ಮನೆಗಳು ಈ ಪದ್ಧತಿಯನ್ನು ಆಯ್ದುಕೊಂಡರೆ 1,100ಕ್ಕೂ ಹೆಚ್ಚು ಹಲಗೆಗಳ ಬೇಡಿಕೆ ಹುಟ್ಟುತ್ತದೆ. ಒಂದೇ ಪಂಚಾಯತಿಯ ಬೇಡಿಕೆ ಸಾಲದಿದ್ದಲ್ಲಿ ನೆರೆಯ ಎರಡು ಮೂರು ಪಂಚಾಯತಿಗಳನ್ನು ಸೇರಿಸಿ ಲೆಕ್ಕ ಹಾಕಬೇಕು. ಶಾಲಾ ಕಾಂಪೌಂಡ್ ಮತ್ತು ಖಾಸಗಿ ಮನೆಗಳ ಬೇಡಿಕೆಯೂ ಇದಕ್ಕೆ ಸೇರುತ್ತದೆ.

ಘಟಕಕ್ಕೆ ಸಮತಟ್ಟಾದ ಅಂಗಳ, ನೆರಳು, ಧಾರಾಳ ನೀರು, ಉಕ್ಕಿನ ಅಚ್ಚುಗಳು, ಮಿಕ್ಸರ್ ಮತ್ತು ವೈಬ್ರೇಟರ್ ಅವಶ್ಯ. ಪಿಎಂಇಜಿಪಿ ಕಾರ್ಯಕ್ರಮವು ಗ್ರಾಮೀಣ ಉದ್ಯಮಿಗಳಿಗೆ ಯೋಜನಾ ವೆಚ್ಚದ ಶೇ. 25ರಷ್ಟು, ಮಹಿಳೆಯರೂ ಒಳಗೊಂಡ ವಿಶೇಷ ವರ್ಗಕ್ಕೆ ಶೇ. 35ರಷ್ಟು ಸಹಾಯಧನವನ್ನು ನಿಗದಿಪಡಿಸಿದೆ. ಉಳಿದುದು ಬ್ಯಾಂಕ್ ಸಾಲ ಮತ್ತು ಸ್ವಂತ ಪಾಲು. ಸಾಲವಿರುವುದರಿಂದ, ಬೇಡಿಕೆಯ ಲೆಕ್ಕ ಮೊದಲು, ಯಂತ್ರದ ಖರೀದಿ ಅನಂತರ ಎಂಬ ಕ್ರಮ ತಪ್ಪಬಾರದು.

ಗುಣಮಟ್ಟದಲ್ಲಿ ರಿಯಾಯಿತಿ ಸಲ್ಲದು. ಸಿದ್ಧ ಹಲಗೆ ಕುಟುಂಬದ ತಲೆಯ ಮೇಲಿರುವ ವಸ್ತು. ಎಂ-20ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟ್ ಬಳಸಬಾರದು. ಕನಿಷ್ಠ 7 ದಿನ, ಪೊಜೊಲಾನಾ ಸಿಮೆಂಟ್ ಆಗಿದ್ದಲ್ಲಿ 10 ದಿನ, ನೀರುಣಿಸಿ ಕ್ಯೂರಿಂಗ್ ಮಾಡಬೇಕು. ಪ್ರತಿ ತಂಡದಿಂದ ತೆಗೆದ 15 ಸೆಂ.ಮೀ. ಘನಗಳನ್ನು 28ನೇ ದಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಹಲಗೆಗಳ ಮೇಲೆ ತಯಾರಿಕೆಯ ದಿನಾಂಕವನ್ನೂ ಮೇಲ್ಮುಖವನ್ನೂ ಗುರುತಿಸಬೇಕು. ತಲೆಕೆಳಗಾಗಿ ಇಟ್ಟರೆ ಕಬ್ಬಿಣ ತಪ್ಪು ಪಕ್ಕದಲ್ಲಿ ಉಳಿದು ಹಲಗೆ ಮುರಿದೀತು. ಸಂದುಗಳನ್ನು ಕಾಂಕ್ರೀಟಿನಿಂದ ತುಂಬಿ, ನೀರು ಸೋರದಂತೆ ಮೇಲ್ಪದರ ಹಾಕಬೇಕು. ವಿನ್ಯಾಸಕ್ಕೆ ಇಂಜಿನಿಯರರ ಒಪ್ಪಿಗೆ ಕಡ್ಡಾಯವಾಗಿರಬೇಕು.

ಪಂಚಾಯತಿಯ ಪಾತ್ರಕ್ಕೂ ಮಿತಿಗಳಿವೆ. ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿಸುವವರು ಫಲಾನುಭವಿಗಳೇ, ಗುತ್ತಿಗೆದಾರರಿಗೆ ಅವಕಾಶವಿಲ್ಲ. ಇಂತಹ ಘಟಕದಿಂದಲೇ ಕೊಳ್ಳಬೇಕೆಂದು ಯಾರನ್ನೂ ಒತ್ತಾಯಿಸಕೂಡದು. ಪಂಚಾಯತಿಯ ಕಾಮಗಾರಿ ಅಥವಾ ಕರಾರಿನಲ್ಲಿ ಸದಸ್ಯರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಹೊಂದಿರುವುದು 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಅನರ್ಹತೆಗೆ ಕಾರಣವಾಗುತ್ತದೆ. ಸಂಬಂಧಿಕರ ಹೆಸರಿನಲ್ಲಿ ಘಟಕ ನಡೆಸಿ ಪಂಚಾಯತಿಗೆ ಸಾಮಗ್ರಿ ಒದಗಿಸುವ ವಿಚಾರ ಯಾರಿಗಾದರೂ ಇದ್ದಲ್ಲಿ ಅದನ್ನು ಇಲ್ಲಿಯೇ ಕೈಬಿಡುವುದು ಒಳಿತು.

ಸದಸ್ಯರು ಮಾಡಬಹುದಾದುದು ಇಷ್ಟು: ಮಂಜೂರಾದ ಮನೆಗಳ ಪಟ್ಟಿಯಿಂದ ವರ್ಷದ ಬೇಡಿಕೆಯನ್ನು ಲೆಕ್ಕ ಹಾಕಿಸುವುದು; ಬಾಗಿಲು, ಕಿಟಕಿ, ಕೋಣೆಗಳಿಗೆ ಕೆಲವೇ ಸಮಾನ ಅಳತೆಗಳನ್ನು ಗ್ರಾಮಸಭೆಯಲ್ಲಿ ಸೂಚಿಸುವುದು; ಜಿಲ್ಲಾ ನಿರ್ಮಿತಿ ಕೇಂದ್ರದಲ್ಲಿ ಮೇಸ್ತ್ರಿಗಳಿಗೆ ತರಬೇತಿ ಕೋರುವುದು; ಫಲಾನುಭವಿಗಳು ಕಣ್ಣಾರೆ ಕಂಡು ನಿರ್ಧರಿಸುವಂತೆ ಒಂದು ಸಣ್ಣ ಕಟ್ಟಡಕ್ಕೆ ಈ ಛಾವಣಿಯನ್ನು ಹಾಕಿಸುವುದು.

ಬಯಲು ಪ್ರದೇಶದ ಪ್ರತಿ ಆವಾಸ್ ಮನೆಗೆ 1.20 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ. ಆ ಹಣದ ಒಂದು ಪಾಲು ಊರಿನ ಕೈಗಳಿಗೇ ಕೂಲಿಯಾಗಿ ಸಂದು, ಗೋಡೆ ಎದ್ದ ಮನೆಗೆ ಮಳೆಗಾಲಕ್ಕೆ ಮುನ್ನ ಸೂರು ಬೀಳುವಂತಾದರೆ ಈ ಉದ್ಯಮ ಸಾರ್ಥಕವಾದಂತೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು ಸದಸ್ಯರಿಗೆ ಬಿಟ್ಟದ್ದು.